ವೆಂಕಟಸ್ವಾಮಿಯ ಎಡಗಿವಿ

ಸೋದರಮಾವ ಮುನಿಯಣ್ಣ ತನ್ನ ಎಡಗಿವಿ ಚುಚ್ಚಿಸದೆ ಎದ್ದು ಹೋದದ್ದನ್ನು ವೆಂಕಟಸ್ವಾಮಿ ಇವತ್ತಿಗೂ ಮರೆತಿಲ್ಲ. ಮರೆಯುವ ಮಾತೇ ಇಲ್ಲ. ನಲವತ್ತೆರಡು ವರ್ಷದ ಹಿಂದಿನ ಸಂಗತಿ, ಆಗ ಅವನಿಗೆ ಐದು ವರ್ಷ. ಆದರೂ ಕಾಮಾಕ್ಷಿಪಾಳ್ಯದ ಅವನ ವೆಲ್ಡಿಂಗ್ ಶಾಪಿನ ಮುಂದೆ ನಿಂತು ಯಾರಾದರೂ “ಅಣ್ಣಾ, ಒಂದೇ ಕಿವಿಗೆ ಯಾಕೆ ರಿಂಗು?” ಎಂದು ಕೇಳಿದರೆ ಸಾಕು, ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟು ಮೊದಲಿನಿಂದ ಶುರು ಮಾಡುತ್ತಾನೆ. ಗೇಟಿನ ಕೆಲಸ ಕೊಡಲು ಬಂದವರು ಕಥೆ ಮುಗಿಯುವ ಹೊತ್ತಿಗೆ ಪಕ್ಕದ ಶಾಪಿನಲ್ಲಿ ಅಳತೆ ಕೊಡುತ್ತಿರುತ್ತಾರೆ.

ಆಗ ಉಲ್ಲಾಳ ಇನ್ನೂ ಹಳ್ಳಿ. ಮುನೇಶ್ವರನ ಗುಡಿಯ ಮುಂದೆ ಚಾಪೆ ಹಾಸಿದ್ದರು. ಅವರ ಮನೆತನದಲ್ಲಿ ಮಗುವಿನ ಕಿವಿ ಚುಚ್ಚುವುದೆಂದರೆ ಸೋದರಮಾವನ ತೊಡೆಯ ಮೇಲೆಯೇ ಆಗಬೇಕು. ಎರಡು ಚಿನ್ನದ ರಿಂಗನ್ನೂ ಅವನೇ ತರಬೇಕು. ಮುನಿಯಣ್ಣ ತಂದಿದ್ದ. ಹೊಸ ಪಂಚೆ ಉಟ್ಟು, ಮೀಸೆಗೆ ಎಣ್ಣೆ ಹಚ್ಚಿಕೊಂಡು, ಸೋದರಳಿಯನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ. ಆಚಾರಿ ಬಲಗಿವಿಗೆ ಚುಚ್ಚಿದ. ಹುಡುಗ ಕೆಂಗೇರಿಗೆ ಕೇಳುವಂತೆ ಕಿರುಚಿದ. ಮಗು ಸ್ವಲ್ಪ ಸುಧಾರಿಸಿಕೊಳ್ಳಲಿ ಎಂದು ಆಚಾರಿ ಎಲೆ ಅಡಿಕೆ ಹಾಕಿಕೊಳ್ಳಲು ಕೂತ. ಕೆಟ್ಟದ್ದೇ ಅಲ್ಲಿ. ಅತ್ತ ಚಪ್ಪರದಲ್ಲಿ ಬಾಡೂಟದ ಮೊದಲನೇ ಪಂಕ್ತಿ ಕೂತಾಗಿತ್ತು. ಬೆಳಿಗ್ಗೆ ಕುರಿ ಕಡಿಯುವಾಗಲೇ ಮುನಿಯಣ್ಣ ಮಜ್ಜೆ ತುಂಬಿದ ಒಂದು ದಪ್ಪ ನಲ್ಲಿ ಮೂಳೆಗೆ ಕಣ್ಣಲ್ಲೇ ಗುರುತು ಹಾಕಿ, “ಇದು ನನಗೆ, ಎತ್ತಿಡ್ರಪ್ಪಾ” ಎಂದು ಹೇಳಿಟ್ಟಿದ್ದ. ಆ ಮೂಳೆ ಹೋಗಿ ವೆಂಕಟಸ್ವಾಮಿಯ ಅಪ್ಪನ ಭಾವನ ಎಲೆಗೆ ಬಿತ್ತು. ಸುದ್ದಿ ಗುಡಿಯ ಮುಂದಕ್ಕೆ ಬಂತು.

ಮುನಿಯಣ್ಣ ಸೋದರಳಿಯನನ್ನು ಸಿಮೆಂಟ್ ಮೂಟೆ ಇಳಿಸಿದ ಹಾಗೆ ಚಾಪೆಯ ಮೇಲೆ ಇಳಿಸಿದ. ಎರಡನೇ ರಿಂಗನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

“ಮೂಳೆ ಬಂದ ಮೇಲೆ ಕಿವಿ,” ಎಂದ.

“ಕಿವಿ ಆದ ಮೇಲೆ ಮೂಳೆ,” ಎಂದ ವೆಂಕಟಸ್ವಾಮಿಯ ಅಪ್ಪ.

ಅಷ್ಟೇ. ಅಪ್ಪ ಆ ಮಾತು ಬಿಟ್ಟುಕೊಡದೆಯೇ ತೀರಿಕೊಂಡ. ಮುನಿಯಣ್ಣ ಬಿಟ್ಟುಕೊಡದೆಯೇ ಮುದುಕನಾದ.

ಆ ಒಂದು ರಿಂಗು ಒಂದೊಂದು ಕಾಲದಲ್ಲಿ ಒಂದೊಂದು ಥರ ಅವಮಾನ ಮಾಡಿತು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟದ್ದಕ್ಕೆ ಅರ್ಧ ಕಾರಣ ಲೆಕ್ಕ, ಇನ್ನರ್ಧ ಕಾರಣ ಕಿವಿ. ಇಪ್ಪತ್ತರ ವಯಸ್ಸಿನಲ್ಲಿ ವಿಜಯನಗರದ ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ಹೆಂಗಸರು ಪರ್ಸನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಾಯಿಸುತ್ತಿದ್ದರು. ಹೆಣ್ಣು ನೋಡಲು ಹೋದ ಒಂದು ಮನೆಯಲ್ಲಿ ಹುಡುಗಿಯ ಅಜ್ಜಿ, “ಇನ್ನೊಂದು ಅಡ ಇಟ್ಟಿದ್ದೀಯೇನಪ್ಪಾ?” ಎಂದು ಕೇಳಿದಳು, ಉಪ್ಪಿಟ್ಟನ್ನು ಅಲ್ಲೇ ಬಿಟ್ಟು ಎದ್ದು ಬಂದ. ಈಗಂತೂ ಜ್ಞಾನಭಾರತಿಯ ಕಾಲೇಜು ಹುಡುಗರು ಬೈಕಿನ ಸ್ಟ್ಯಾಂಡ್ ವೆಲ್ಡ್ ಮಾಡಿಸಲು ಬಂದು, “ಗುರು, ಅಂಕಲ್ ಸಿಂಗಲ್ ರಿಂಗು ನೋಡೋ, ಸಖತ್ ಸ್ಟೈಲು!” ಅನ್ನುತ್ತಾರೆ.

“ಸ್ಟೈಲಲ್ಲ ಕಣ್ರೋ, ಮೋಸ!” ಎಂದು ಅವನು ಕಬ್ಬಿಣದ ಪಟ್ಟಿ ಹಿಡಿದು ಅಟ್ಟುತ್ತಾನೆ.

ಬೇರೆ ಯಾರ ಹತ್ತಿರವಾದರೂ ಚುಚ್ಚಿಸಿಕೊಳ್ಳಬಹುದಿತ್ತಲ್ಲ ಎಂದು ಹೆಂಡತಿ ಒಂದು ಸಲ ಕೇಳಿದ್ದಳು. ಮಾವ ಬದುಕಿರುವಾಗ ಮಾವನ ತೊಡೆ ಬಿಟ್ಟು ಚುಚ್ಚಿಸಿಕೊಂಡರೆ ತಾನೇ ಸೋತ ಹಾಗೆ ಎಂದು ಅವನು ವಿವರಿಸಿದ. ವಿವರಿಸುವಾಗ ಒಂದು ಲೋಟ ಒಡೆಯಿತು. ಅವಳು ಮತ್ತೆ ಕೇಳಲಿಲ್ಲ.

ಹೀಗೇ ಇನ್ನಷ್ಟು ವರ್ಷ ನಡೆಯುತ್ತಿತ್ತೋ ಏನೋ. ಅಷ್ಟರಲ್ಲಿ ತಂಗಿ ಸುಮಾಗೆ ಮಗುವಾಯಿತು. ಮದುವೆಯಾಗಿ ಹತ್ತು ವರ್ಷಕ್ಕೆ ಹುಟ್ಟಿದ ಗಂಡು ಮಗು, ಹೆಸರು ಧ್ರುವ. ಸುಮಾ ವೆಂಕಟಸ್ವಾಮಿಗಿಂತ ಹದಿಮೂರು ವರ್ಷ ಚಿಕ್ಕವಳು. ಅಪ್ಪ ಹೋದ ಮೇಲೆ ಅವಳನ್ನು ಸೈಕಲ್ಲಿನ ಮುಂದಿನ ಬಾರಿನ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ಬಿಟ್ಟವನು, ಬಿಎಂಟಿಸಿ ಕಂಡಕ್ಟರ್ ರವಿಕುಮಾರನಿಗೆ ಧಾರೆ ಎರೆದು ಕೊಟ್ಟವನು ಅವನೇ. ಆಸ್ಪತ್ರೆಯಲ್ಲಿ ಮಗುವನ್ನು ಮೊದಲ ಸಲ ಎತ್ತಿಕೊಂಡಾಗ ಅದರ ಎರಡು ಕಿವಿಯನ್ನೂ ಮೆಲ್ಲಗೆ ಮುಟ್ಟಿ ನೋಡಿದ. “ಲೋ, ನಿನ್ನ ಅರ್ಧಕ್ಕೆ ಬಿಟ್ಟು ಏಳಲ್ಲ ಕಣೋ ನಾನು,” ಎಂದ. ಮಗು ಆಕಳಿಸಿತು. ಮಾತು ಕೊಟ್ಟಾಯಿತು. ಶಾಸ್ತ್ರಕ್ಕೆ ದಿನ ಗೊತ್ತಾಗುವುದಕ್ಕೆ ಎಷ್ಟೋ ಮೊದಲೇ ಎರಡು ಪುಟ್ಟ ರಿಂಗು ಮಾಡಿಸಿ ಬೀರುವಿನಲ್ಲಿಟ್ಟಿದ್ದ; ಎರಡೂ ಇವೆಯೇ ಎಂದು ವಾರಕ್ಕೊಮ್ಮೆ ತೆಗೆದು ನೋಡುತ್ತಿದ್ದ.

ದಿನ ಗೊತ್ತಾಯಿತು. ಭಾನುವಾರ, ಅದೇ ಉಲ್ಲಾಳ, ಅದೇ ಮುನೇಶ್ವರನ ಗುಡಿ. ಬುಧವಾರ ಬೆಳಿಗ್ಗೆ ಬಸವೇಶ್ವರನಗರದ ಮನೆಯಲ್ಲಿ ತಾಯಿ ಗಂಗಲಕ್ಷ್ಮಮ್ಮ ಅವರೆಕಾಯಿ ಸುಲಿಯುತ್ತಾ, ತಲೆ ಎತ್ತದೆ ಬಾಂಬು ಹಾಕಿದಳು.

“ನಿನ್ನ ತೊಡೆ ಮೇಲೆ ಮಗು ಕೂರಿಸೋ ಹಂಗಿಲ್ಲ ಕಣೋ.”

“ಏನಂದೆ?”

“ಒಂದೇ ಕಿವಿಯೋನ ತೊಡೆ ಮೇಲೆ ಕೂತ್ರೆ ಮಗೂಗೂ ಒಂದೇ ಕಿವಿಗೆ ನಿಂತೋಗುತ್ತೆ. ಪೂಜಾರಿನೂ ಹಂಗೇ ಅಂದ. ಗೋಪೀನಾಥ ಕೂರಿಸ್ಕೊಳ್ಲಿ ಬಿಡು, ಅವನೂ ಸುಮಾಗೆ ಅಣ್ಣನೇ ತಾನೇ?”

ಗೋಪೀನಾಥ ದೊಡ್ಡಪ್ಪನ ಮಗ. ಸೈಟು ಮಾರಿಸುವ ಕೆಲಸ. ಬಿಳಿ ಶೂ, ಬಿಳಿ ಪ್ಯಾಂಟು, ಎರಡು ಕಿವಿಗೂ ಹೊಳೆಯುವ ಕಲ್ಲು. ವೆಂಕಟಸ್ವಾಮಿ ಅವರೆಕಾಯಿ ಬುಟ್ಟಿಗೆ ಒಂದು ಒದೆ ಕೊಟ್ಟ. ಕಾಯಿ ಮನೆತುಂಬಾ ಹರಡಿತು. ಗಂಗಲಕ್ಷ್ಮಮ್ಮ ಖಾಲಿ ಬುಟ್ಟಿಯನ್ನು ಅವನ ಕಡೆ ತಳ್ಳಿದಳು. ಅವನು ಕೂತು ಒಂದೊಂದೇ ಆರಿಸಿ ಬುಟ್ಟಿಗೆ ಹಾಕುತ್ತಾ ಹೇಳಿದ:

“ಹಂಗಾದ್ರೆ ಭಾನುವಾರದೊಳಗೆ ಎಡಗಿವೀನೂ ಚುಚ್ಚಿಸ್ಕೋತೀನಿ.”

“ಚುಚ್ಚಿಸ್ಕೋ, ಬೇಡ ಅಂದೋರ್ಯಾರು? ಆದ್ರೆ ಮಾವನ ತೊಡೆ ಮೇಲೆ.”

“ಅಮ್ಮಾ, ನಾನು ತೊಂಬತ್ನಾಲ್ಕು ಕೆಜಿ ಇದೀನಿ. ನಿಮ್ಮಣ್ಣ ಮಳೇಲಿ ನೆಂದ್ರೆ ನಲವತ್ತೆಂಟು.”

“ಐದು ವರ್ಷಕ್ಕೇ ಮುಗಿಸ್ಕೊಂಡಿದ್ರೆ ಈ ಕಷ್ಟ ಇರ್ತಿತ್ತಾ? ಆ ಸೋಫಾ ಕೆಳಗೆ ಇನ್ನೊಂದು ಕಾಯಿ ಐತೆ ನೋಡು.”

ಗುರುವಾರ ಅವನು ಉಲ್ಲಾಳಕ್ಕೆ ಹೋದ. ಕುರಿ ಕಡಿದಿದ್ದ ಜಾಗದಲ್ಲಿ ಈಗ ಬೇಕರಿ ಇದೆ. ಮುನಿಯಣ್ಣ ಬಾಡಿಗೆಗೆ ಕಟ್ಟಿಸಿದ ಮೂರಂತಸ್ತಿನ ಮನೆಯ ಮೆಟ್ಟಿಲ ಮೇಲೆ ಬಿಸಿಲು ಕಾಯಿಸುತ್ತಾ ಕೂತಿದ್ದ. ಎಪ್ಪತ್ತಾರು ವರ್ಷ. ಕಣ್ಣಿಗೆ ಕೈ ಅಡ್ಡ ಹಿಡಿದು ಬಂದವನ ಮುಖ ನೋಡಿದ, ಗುರುತು ಸಿಗಲಿಲ್ಲ. ಬಗ್ಗಿ ಕಿವಿ ನೋಡಿದ.

“ಓಹೋ, ಬಲಗಿವಿ! ಏನೋ ಈ ಕಡೆ? ಮೂಳೆ ತಂದ್ಯಾ?”

ಮದುವೆ ಮುಂಜಿಗಳಲ್ಲಿ ಎದುರೆದುರು ಸಿಕ್ಕರೂ ಗೋಡೆ ನೋಡಿಕೊಂಡು ನಿಲ್ಲುತ್ತಿದ್ದ ಇಬ್ಬರ ನಡುವೆ ಇದೇ ಮೊದಲ ಮಾತು. ವೆಂಕಟಸ್ವಾಮಿ ಹಲ್ಲು ಕಚ್ಚಿದ. ತಿರುಗಿ ಹೋಗಲು ಕಾಲು ತುರಿಸಿತು. ಗೋಪೀನಾಥನ ಬಿಳಿ ಪ್ಯಾಂಟಿನ ಮೇಲೆ ಧ್ರುವ ಕೂತ ಚಿತ್ರ ಕಣ್ಣ ಮುಂದೆ ಬಂತು. ಕಾಲು ನಿಂತಿತು.

“ಭಾನುವಾರ ಬಾಡೂಟ ಇದೆ ಮಾವ. ನಿನ್ನೆಲೆಗೆ ನಲ್ಲಿ ಮೂಳೆ ನಾನೇ ನಿಂತು ಹಾಕಿಸ್ತೀನಿ. ಮುನೇಶ್ವರನಾಣೆ. ನೀನು ನಾಳೆ ಒಂದು ಐದು ನಿಮಿಷ ತೊಡೆ ಕೊಡು.”

ಮುನಿಯಣ್ಣ ಬಹಳ ಹೊತ್ತು ಯೋಚಿಸಿದ. ಸೈಟು ಮಾರುವಾಗಲೂ ಅಷ್ಟು ಯೋಚಿಸಿದವನಲ್ಲ.

“ತೊಡೆ ಕೊಡ್ತೀನಿ. ರಿಂಗು ಕೊಡಲ್ಲ. ರಿಂಗು, ಮೂಳೆ ಕೈಗೆ ಬಂದ ಮೇಲೆ.”

ಹಾಗೆಂದು ಸೊಂಟದಿಂದ ನಶ್ಯದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದ. ಒಳಗೆ ಒಂದು ಪಿನ್ನಿಗೆ ಸಿಕ್ಕಿಸಿದ ಪುಟ್ಟ ಚಿನ್ನದ ರಿಂಗು. ಕಡಲೆ ಕಾಳಿಗೆ ಸುತ್ತು ಹಾಕಿದರೆ ಸರಿಯಾಗುವಷ್ಟು ಅಗಲ. ನಲವತ್ತೆರಡು ವರ್ಷ ಅದನ್ನು ಮುದುಕ ಸೊಂಟದಲ್ಲೇ ಇಟ್ಟುಕೊಂಡು ತಿರುಗಿದ್ದ. ವೆಂಕಟಸ್ವಾಮಿ ಇನ್ನೊಂದು ಮೆಟ್ಟಿಲು ಹತ್ತಿ ಬಗ್ಗಿದ. ಕೈ ಚಾಚುವಷ್ಟರಲ್ಲಿ ಮುಚ್ಚಳ ಟಪ್ಪೆಂದಿತು.

“ನೋಡಿದ್ದು ಸಾಕು. ನಾಳೆ ಎಷ್ಟೊತ್ತಿಗೆ?”

ತೊಡೆ ಸಿಕ್ಕಿತು, ಕಿವಿ ಕೈಕೊಟ್ಟಿತು. ಧ್ರುವನಿಗೆ ಚುಚ್ಚಲು ಗೊತ್ತು ಮಾಡಿದ್ದ ಕೆಂಗೇರಿಯ ಆಚಾರಿಗೆ ತೋರಿಸಿದರೆ, ಆ ಮನುಷ್ಯ ವೆಂಕಟಸ್ವಾಮಿಯ ಎಡಗಿವಿಯ ಹಾಲೆಯನ್ನು ಹಿಡಿದು ನೋಡಿ ಕೈ ತೊಳೆದುಕೊಂಡ. ಎಂಟು ವರ್ಷದ ಹಿಂದೆ ಕಿಟಕಿಯ ಸಜ್ಜೆಯ ಕೆಳಗೆ ನಿಂತು ಗ್ರಿಲ್ ವೆಲ್ಡ್ ಮಾಡುವಾಗ ಕರಗಿದ ಕಬ್ಬಿಣದ ಹನಿ ಬಿದ್ದು ಆ ಹಾಲೆ ಸುಟ್ಟು, ಅಗಿದು ಉಗುಳಿದ ಬಬಲ್‌ಗಮ್ಮಿನಂತಾಗಿತ್ತು.

“ಇದರಲ್ಲಿ ಚುಚ್ಚಿದ್ರೆ ಹರಿದು ಬರುತ್ತೆ ಸ್ವಾಮಿ, ನಾನು ಎಳೆ ಮಕ್ಕಳ ಕಿವಿ ಮುಟ್ಟೋನು. ರಾಜಾಜಿನಗರದಲ್ಲಿ ಯಾರೋ ಹುಡುಗಿ ಅಂಗಡಿ ಇಟ್ಟಿದ್ದಾಳಂತೆ. ಹುಬ್ಬು, ಹೊಕ್ಕಳು, ನಾಲಿಗೆ, ಎಲ್ಲಿ ಅಂದ್ರೆ ಅಲ್ಲಿ ಚುಚ್ತಾಳಂತೆ. ಅಲ್ಲಿಗೆ ಹೋಗಿ.”

ಶುಕ್ರವಾರ ವೆಂಕಟಸ್ವಾಮಿ ಮಾವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡ. ಉಲ್ಲಾಳದಿಂದ ರಾಜಾಜಿನಗರದವರೆಗೆ ಇಬ್ಬರೂ ಆಡಿದ್ದು ಎರಡೇ ಮಾತು. ವಿಜಯನಗರ ದಾಟುವಾಗ, “ಹಂಪ್ ನೋಡ್ಕೊಂಡು ಹೋಗೋ,” ಎಂದ ಮುನಿಯಣ್ಣ. “ನೋಡ್ಕೊಂಡೇ ಹಾರಿಸಿದ್ದು,” ಎಂದ ವೆಂಕಟಸ್ವಾಮಿ.

ಅಂಗಡಿ ಬ್ಲೌಸ್‌ಪೀಸ್ ಮಳಿಗೆಯ ಮೇಲೆ, ಎರಡನೇ ಮಹಡಿಯಲ್ಲಿತ್ತು. ಗಾಜಿನ ಬಾಗಿಲು, ಹಲ್ಲಿನ ಡಾಕ್ಟರ ಕೋಣೆಯಂಥ ಬಿಳುಪು, ಮೇಲೆ ಕೆಳಗೆ ಹೋಗುವ ಒಂದು ಕುರ್ಚಿ. ಚುಚ್ಚುವವಳ ಹೆಸರು ಸ್ಮೃತಿ. ಇಪ್ಪತ್ತಾರು ಇಪ್ಪತ್ತೇಳರ ಹುಡುಗಿ, ಒಂದು ಕಿವಿಗೇ ಏಳು ರಿಂಗು, ಹುಬ್ಬಿಗೊಂದು, ಮೂಗಿಗೆ ಎರಡೂ ಕಡೆ. ಮುನಿಯಣ್ಣ ಬೆರಳಲ್ಲಿ ಎಣಿಸಿ, ಸೋದರಳಿಯನ ಕಡೆ ಬಗ್ಗಿ ಪಿಸುಗುಟ್ಟಿದ:

“ಪುಣ್ಯವಂತೆ ಕಣೋ. ಎಷ್ಟು ಜನ ಸೋದರಮಾವಂದಿರೋ!”

ಸ್ಮೃತಿ ಒಂದು ಫಾರ್ಮು ಹಿಡಿದು ಕೂತಳು.

“ಅಂಕಲ್, ಮೊದಲು ನಿಮಗೆ ಯಾವುದು ಸೂಟ್ ಆಗುತ್ತೆ ನೋಡೋಣ. ನೀವು ಸಾಮಾನ್ಯವಾಗಿ ನಿಮ್ಮನ್ನ ಹೇಗೆ ಎಕ್ಸ್‌ಪ್ರೆಸ್ ಮಾಡ್ಕೋತೀರಾ?”

“ಬೈದು,” ಎಂದ ಮುನಿಯಣ್ಣ, ಸೋದರಳಿಯ ಬಾಯಿ ತೆರೆಯುವ ಮೊದಲೇ.

“ನೋಡಮ್ಮ,” ಎಂದ ವೆಂಕಟಸ್ವಾಮಿ, “ಅದೆಲ್ಲಾ ಬೇಡ. ಎಡಗಿವಿಗೆ ಒಂದು ತೂತು ಹಾಕು. ಇವರ ತೊಡೆ ಮೇಲೆ. ಮುಗೀತು.”

ಅವಳು ಕೈಗವಸು ಹಾಕಿ, ಟಾರ್ಚು ಬಿಟ್ಟು ಹಾಲೆಯನ್ನು ನೋಡಿದಳು. ಅವಳದೂ ಅದೇ ತೀರ್ಪು: ಸುಟ್ಟ ಚರ್ಮ ಸೂಜಿ ತಡೆಯುವುದಿಲ್ಲ. ವೆಂಕಟಸ್ವಾಮಿ ಧಡಕ್ಕನೆ ಎದ್ದ. ಅವನ ಮುಖ ಕೆಂಪಾದದ್ದು ನೋಡಿ ಅವಳು ಹೆದರಲಿಲ್ಲ, ಇಂಥವರನ್ನು ದಿನಾ ನೋಡುವವಳ ಹಾಗೆ, “ಕೂತ್ಕೊಳಿ ಅಂಕಲ್, ಕಿವಿ ಅಂದ್ರೆ ಹಾಲೆ ಒಂದೇನಾ?” ಎಂದು ಗೋಡೆ ತೋರಿಸಿದಳು. ಅಲ್ಲಿ ಬಾಗಿಲಿನಷ್ಟು ದೊಡ್ಡ ಕಿವಿಯ ಚಿತ್ರ, ಮೈತುಂಬಾ ಚುಕ್ಕಿ, ಚುಕ್ಕಿಗೊಂದು ಹೆಸರು. ಬಸ್ ರೂಟಿನ ಮ್ಯಾಪು ಇದ್ದ ಹಾಗಿತ್ತು.

“ಇಲ್ಲಿ, ಮೇಲ್ಗಡೆ ಅಂಚಿಗೆ?”

“ಅದು ಬುಗುಡಿ ಜಾಗ!” ಮುನಿಯಣ್ಣ ಕೂಗಿದ. “ನಮ್ಮವ್ವ ಹಾಕ್ಕೋತಿದ್ಲು. ಇವನಿಗೆ ಬುಗುಡಿ ಹಾಕಿ ಕಳಿಸಿದ್ರೆ ಊರೋರು ಸೀರೇನೂ ಕೊಡ್ತಾರೆ.”

“ತಾತಾ, ಈಗ ಹುಡುಗರೂ ಹಾಕ್ಕೋತಾರೆ. ಆದ್ರೆ… ಅಂಕಲ್, ಕೆಲಸ ಏನು?”

“ವೆಲ್ಡಿಂಗು.”

“ಹೆಲ್ಮೆಟ್?”

“ಶಾಪಲ್ಲಿ ವೆಲ್ಡಿಂಗ್ ಹೆಲ್ಮೆಟ್ಟು, ರೋಡಲ್ಲಿ ಗಾಡಿ ಹೆಲ್ಮೆಟ್ಟು.”

“ಹಾಗಾದ್ರೆ ಅಂಚು ಬೇಡ. ಪಟ್ಟಿ ಉಜ್ಜಿ ಉಜ್ಜಿ ಒಂದು ವರ್ಷ ಆದ್ರೂ ಮಾಯಲ್ಲ. ಹುಬ್ಬಿಗೆ ಬೆವರು ಇಳಿಯುತ್ತೆ, ಅದೂ ಬೇಡ.”

“ಮೂಗು?” ಎಂದ ಮುನಿಯಣ್ಣ ಉತ್ಸಾಹದಿಂದ. “ಎರಡು ಹೊಳ್ಳೆ ಮಧ್ಯೆ ಹಾಕಮ್ಮ, ಹಗ್ಗ ಕಟ್ಟಿ ಮನೇಗೆ ಹೊಡ್ಕೊಂಡು ಹೋಗ್ತೀನಿ.”

“ಮಾವ, ಸುಮ್ನಿರ್ತೀಯಾ?”

“ಹೊಕ್ಕಳು ಕೆಲವರಿಗೆ ಚೆನ್ನಾಗಿ…”

“ಅದು ಎಲ್ಲಿದೆ ಅಂತ ಅವನೇ ನೋಡಿ ಇಪ್ಪತ್ತು ವರ್ಷ ಆಯ್ತು.”

“ನಾಲಿಗೆಯಂತೂ ಬೇಡ,” ಸ್ಮೃತಿ ನಗು ತಡೆದುಕೊಂಡು ಹೇಳಿದಳು. “ಚುಚ್ಚಿದ ಮೇಲೆ ಎರಡು ವಾರ ನೆಟ್ಟಗೆ ಮಾತಾಡೋಕಾಗಲ್ಲ.”

ಮುನಿಯಣ್ಣ ಎದ್ದೇ ನಿಂತ. “ಅದೇ! ಅದೇ ಮಾಡಮ್ಮ! ಖರ್ಚು ನಂದು!”

ವೆಂಕಟಸ್ವಾಮಿ ಅಷ್ಟು ಹೊತ್ತಿಗೆ ಬಾಗಿಲವರೆಗೆ ಹೋಗಿದ್ದ. ಹಿಡಿಕೆಯ ಮೇಲೆ ಕೈ ಇತ್ತು. ಗೋಪೀನಾಥನಿಗೆ ಫೋನ್ ಮಾಡಿ ನೀನೇ ಕೂರಿಸಿಕೊಳ್ಳಪ್ಪ ಎಂದುಬಿಡಲೇ ಎಂಬ ಯೋಚನೆಯೂ ಬಂತು. ಹಿಂದಿನಿಂದ ಸ್ಮೃತಿ, “ಅಂಕಲ್, ಇದೊಂದು ನೋಡಿ,” ಎಂದಳು. ಅವಳ ಬೆರಳು ಚಿತ್ರದ ಕಿವಿಯ ನಡುವೆ, ಒಳಗಡೆ ಬಟ್ಟಲಿನಂತೆ ಗುಳಿ ಬಿದ್ದ ಜಾಗದಲ್ಲಿತ್ತು.

“ಇದಕ್ಕೆ ಕಾಂಕ್ ಅಂತಾರೆ. ಒಳಗಡೆ ಇರೋದ್ರಿಂದ ಹೆಲ್ಮೆಟ್ ಪಟ್ಟಿ ತಾಗಲ್ಲ. ನಿಮ್ಮ ಕಿವಿ ದೊಡ್ಡದಿದೆ, ಬಟ್ಟಲೂ ಅಗಲವಾಗಿದೆ. ಸತ್ಯ ಹೇಳಬೇಕು ಅಂದ್ರೆ ಇಷ್ಟು ಒಳ್ಳೆ ಕಾಂಕ್ ನಾನು ಈ ವರ್ಷ ನೋಡಿಲ್ಲ.”

ಅವನ ಎಡಗಿವಿಯನ್ನು ಯಾರಾದರೂ ಹೊಗಳಿದ್ದು ಹುಟ್ಟಿದಾಗಿನಿಂದ ಇದೇ ಮೊದಲು. ವೆಂಕಟಸ್ವಾಮಿ ಹಿಡಿಕೆ ಬಿಟ್ಟ.

“ಒಡವೆ ಯಾವುದು ಹಾಕ್ತೀಯಾ?”

“ಸ್ಟೀಲೂ ಇದೆ, ತ್ರೀ ಸಿಕ್ಸ್‌ಟೀನ್ ಎಲ್ ಅಂತ…”

“ತ್ರೀ ಸಿಕ್ಸ್‌ಟೀನ್ ಎಲ್ ನನಗೆ ಹೇಳ್ಕೊಡ್ತೀಯಾ? ಔಷಧಿ ಫ್ಯಾಕ್ಟರಿ ಟ್ಯಾಂಕಿಗೆ ಅದೇ ಹಾಕೋದು. ಇಪ್ಪತ್ತೈದು ವರ್ಷ ಅದರ ಹೊಗೆ ಕುಡಿದಿದೀನಿ.”

“ಹಾಗಾದ್ರೆ ನಿಮಗೆ ಟೈಟಾನಿಯಂ.”

ಅವಳು ಒಂದು ಪುಟ್ಟ ಕಡ್ಡಿ ತಟ್ಟೆಯಲ್ಲಿಟ್ಟು ತೋರಿಸಿದಳು. ಒಂದು ತುದಿಗೆ ಚಪ್ಪಟೆ ಬಿಲ್ಲೆ, ಇನ್ನೊಂದಕ್ಕೆ ಗುಂಡು. ವೆಂಕಟಸ್ವಾಮಿ ಕನ್ನಡಕ ಹಾಕಿ, ಮೂಗು ತಾಗುವಷ್ಟು ಬಗ್ಗಿ, ಬೆಸುಗೆ ಎಲ್ಲಿದೆ ಎಂದು ಹುಡುಕಿದ. ಸಿಗಲಿಲ್ಲ. “ಒಳ್ಳೆ ಕೈಕೆಲಸ,” ಎಂದ. ಆ ವಾರದಲ್ಲಿ ಅವನು ಕೂಗದೆ ಆಡಿದ ಮೊದಲ ಮಾತು ಅದು. ಆಮೇಲೆ ತಾಯಿಗೆ ಫೋನ್ ಮಾಡಿದ.

“ಅಮ್ಮಾ, ಕಿವಿ ಒಳಗಡೆ, ಬಟ್ಟಲಲ್ಲಿ ಚುಚ್ಚಿದ್ರೆ ನಡೆಯುತ್ತಾ?”

“ಕಿವೀನಾ ಅದು?”

“ಕಿವೀನೇ.”

“ಎಡಗಿವೀನಾ?”

“ಹೂಂ.”

“ತೊಡೆ?”

“ಮಾವಂದೇ.”

“ನಡೆಯುತ್ತೆ. ಬರ್ತಾ ಕೊತ್ತಂಬರಿ ಸೊಪ್ಪು ತಗೊಂಡು ಬಾ.”

ಮುನಿಯಣ್ಣ ಆಗಲೇ ಕುರ್ಚಿ ಹತ್ತಿ, ಹೆಗಲ ಟವಲನ್ನು ತೊಡೆಯ ಮೇಲೆ ಹಾಸಿಕೊಂಡು ಸಿದ್ಧನಾಗಿದ್ದ. ಒಂದು ಕುರ್ಚಿಗೆ ಒಬ್ಬರೇ ಎಂದು ಸ್ಮೃತಿ ವಾದಿಸಿದಳು. ನಲವತ್ತೆರಡು ವರ್ಷದ ಹಿಂದೆ ಅರ್ಧಕ್ಕೆ ನಿಂತ ಕೆಲಸ ಎಂದು ಮುನಿಯಣ್ಣ ಎಲ್ಲಾ ಹೇಳಿದ, ಮೂಳೆಯ ಅಗಲವನ್ನು ಕೈಯಲ್ಲಿ ತೋರಿಸಿ ಹೇಳಿದ. ಅವಳು ಸೋತಳು. ಮುದುಕ ಫಾರ್ಮು ಕಸಿದುಕೊಂಡು, ಮೈನರುಗಳ ಪೋಷಕರು ಸಹಿ ಹಾಕುವ ಜಾಗದಲ್ಲಿ ದಪ್ಪಕ್ಷರದಲ್ಲಿ ಸಹಿ ಹಾಕಿದ.

ವೆಂಕಟಸ್ವಾಮಿ ಕೂತ. ಪೂರ್ತಿ ಕೂರಲಿಲ್ಲ, ಬಸ್‌ಸ್ಟ್ಯಾಂಡಿನ ಗಲೀಜು ಕಕ್ಕಸಿನಲ್ಲಿ ಕೂರುವವರ ಹಾಗೆ, ತಾಗಿಯೂ ತಾಗದಂತೆ, ಭಾರವನ್ನೆಲ್ಲಾ ತನ್ನ ಕಾಲ ಮೇಲೇ ಹೊತ್ತುಕೊಂಡು ನಡುಗುತ್ತಾ ನಿಂತ. ಮುನಿಯಣ್ಣನಿಗೆ ಗೊತ್ತಾಯಿತು.

“ಏಯ್, ಪೂರ್ತಿ ಕೂರೋ! ಶಾಸ್ತ್ರ ಅಂದ್ರೆ ಶಾಸ್ತ್ರ!”

ಪೂರ್ತಿ ಕೂತ. ಮುನಿಯಣ್ಣನ ಒಳಗಿಂದ ಕುಕ್ಕರ್ ಕೂಗುವ ಮೊದಲು ಬರುವಂಥ ಸದ್ದು ಬಂತು. ಅವನ ಕಾಲು ನೆಟ್ಟಗಾಗಿ ಕೆಳಗಿದ್ದ ಪೆಡಲನ್ನು ಒತ್ತಿತು. ಕುರ್ಚಿ ಉಸ್ಸೆಂದು ಇಬ್ಬರನ್ನೂ ಹೊತ್ತು ಕೆಳಗಿಳಿಯಿತು. ಕಿವಿ ಇದ್ದ ಜಾಗದಲ್ಲಿ ಕಿವಿ ಇಲ್ಲದೆ, ಸ್ಮೃತಿ ಸೂಜಿ ಹಿಡಿದುಕೊಂಡು ಗಾಳಿ ನೋಡುತ್ತಾ ನಿಂತಳು.

“ಇಬ್ಬರೂ ಅಲ್ಲಾಡಬೇಡಿ!” ಈ ಸಲ ಕೂಗಿದ್ದು ಅವಳು. “ಉಸಿರು ಎಳ್ಕೊಳಿ.”

ಇಬ್ಬರೂ ಎಳೆದುಕೊಂಡರು. ಸೂಜಿ ಹೋಯಿತು. “ಅವ್ವಾ!” ಎಂದು ವೆಂಕಟಸ್ವಾಮಿ ಕಿರುಚಿದ್ದಕ್ಕೆ ಕೆಳಗಿನ ಬ್ಲೌಸ್‌ಪೀಸ್ ಅಂಗಡಿಯಿಂದ ಮೂವರು ಹೆಂಗಸರು ಓಡಿಬಂದರು. ಗಾಜಿನಾಚೆ ನಿಂತು, ಕಡ್ಡಿಯಂಥ ಮುದುಕನ ತೊಡೆಯ ಮೇಲೆ ಮೀಸೆ ಹೊತ್ತ ದಢೂತಿ ಗಂಡಸು ಕಣ್ಣೀರು ಒರೆಸಿಕೊಳ್ಳುವುದನ್ನು ನೋಡಿ, ಏನೂ ಕೇಳದೆ ಇಳಿದು ಹೋದರು.

“ಆವತ್ತೂ ಹಿಂಗೇ ಕಿರುಚಿದ್ದ,” ಎಂದ ಮುನಿಯಣ್ಣ ಏದುಸಿರಿನಲ್ಲಿ. ಅವನ ಕೈ, ಅವನಿಗೇ ತಿಳಿಯದೆ, ಸೋದರಳಿಯನ ತಲೆ ಸವರುತ್ತಿತ್ತು.

ದಿನಕ್ಕೆರಡು ಸಲ ಉಪ್ಪುನೀರಲ್ಲಿ ತೊಳೆಯಬೇಕು, ಬೆರಳು ಹಾಕಿ ತಿರುಗಿಸಬಾರದು, ಆ ಮಗ್ಗುಲು ಮಲಗಬಾರದು ಎಂದೆಲ್ಲಾ ಸ್ಮೃತಿ ಹೇಳಿದಳು. “ಮತ್ತೆ ಅಂಕಲ್, ಕೆಲವು ದಿನ ಕೋಪ ಮಾಡ್ಕೋಬೇಡಿ. ಕಿವಿಗೆ ರಕ್ತ ನುಗ್ಗಿದ್ರೆ ಟಕಟಕ ಅಂತ ಬಡಿಯುತ್ತೆ.” ವೆಂಕಟಸ್ವಾಮಿ ತಲೆಯಾಡಿಸಿದ. ಮುನಿಯಣ್ಣನ ಎರಡು ಕಾಲೂ ಜೋಮು ಹಿಡಿದು ಏಳಲಾಗಲಿಲ್ಲ. ಎರಡು ಮಹಡಿ ಅವನನ್ನು ಮಗುವಿನಂತೆ ಎತ್ತಿಕೊಂಡೇ ಇಳಿಸಬೇಕಾಯಿತು. “ಹಂಪ್ ನೋಡ್ಕೊಂಡು,” ಎಂದ ಮುದುಕ ಪ್ರತಿ ಮೆಟ್ಟಿಲಿಗೂ.

ಮನೆಯಲ್ಲಿ ಗಂಗಲಕ್ಷ್ಮಮ್ಮ ಮೊಬೈಲಿನ ಟಾರ್ಚು ಬಿಟ್ಟು ಮಗನ ಕಿವಿಯೊಳಗೆ ಬಹಳ ಹೊತ್ತು ನೋಡಿದಳು. “ಹೂಂ, ಇದೆ. ತೊಡೆ ನಿಂದೇ,” ಎಂದಳು. ಕೊತ್ತಂಬರಿ ಸೊಪ್ಪು ಮರೆತು ಬಂದದ್ದಕ್ಕೆ ಬೈದಳು.

ಭಾನುವಾರ ಗುಡಿಯ ಮುಂದೆ ಚಾಪೆ ಹಾಸಿದರು. ವೆಂಕಟಸ್ವಾಮಿ ಹೊಸ ಪಂಚೆ ಉಟ್ಟು, ಎರಡು ರಿಂಗನ್ನೂ ಮುಷ್ಟಿಯಲ್ಲಿ ಹಿಡಿದು ಕೂತ. ಸುಮಾ ಧ್ರುವನನ್ನು ತಂದು ತೊಡೆಯ ಮೇಲಿಟ್ಟಳು. ಮಗು ಮಾವನ ಮೀಸೆ ಹಿಡಿದು ಎಳೆಯಿತು. ಆಚಾರಿ ಬಲಗಿವಿಗೆ ಚುಚ್ಚಿದ. ಮಗುವಿನ ಕಿರುಚಾಟಕ್ಕೆ ಬೇಕರಿಯವನು ಹೊರಗೆ ಬಂದು ನೋಡಿದ. ಸ್ವಲ್ಪ ಸುಧಾರಿಸಿಕೊಳ್ಳಲಿ ಎಂದು ಆಚಾರಿ ಸೂಜಿ ಕೆಳಗಿಟ್ಟ. ವೆಂಕಟಸ್ವಾಮಿ ಮಗುವನ್ನು ಇನ್ನಷ್ಟು ಒತ್ತಿ ಹಿಡಿದ. ಆವತ್ತು ಕೆಟ್ಟದ್ದೇ ಇಲ್ಲಲ್ಲವೇ?

ಗೋಪೀನಾಥ ಬಿಳಿ ಶೂ ಹಾಕಿಕೊಂಡು ಬಂದು ಬಗ್ಗಿ ನೋಡಿದ.

“ಏನ್ ಮಚ್ಚಾ ಇದು, ಕಿವಿ ಒಳಗೆ ಸ್ಕ್ರೂ ಬಿಟ್ಕೊಂಡಿದ್ದೀಯಾ?” ಸುತ್ತ ಇದ್ದವರು ನಕ್ಕರು. “ಕಿವಿ ಚುಚ್ಚಿಸೋದು ಅಂದ್ರೆ ಹಾಲೆಗೆ ಗುರು. ಇದೆಲ್ಲಾ ಲೆಕ್ಕಕ್ಕೆ ಬರಲ್ಲ. ಚಿಕ್ಕಮ್ಮಾ, ಮಗು ನನಗೆ ಕೊಡಿ, ಈ ಕಿವಿ ನಾನು ಮುಗಿಸ್ತೀನಿ.”

ವೆಂಕಟಸ್ವಾಮಿಯ ತಲೆಗೆ ರಕ್ತ ನುಗ್ಗಿತು. ಎಡಗಿವಿಯೊಳಗೆ ಯಾರೋ ಸುತ್ತಿಗೆಯಲ್ಲಿ ಹೊಡೆದಂತೆ ಟಕಟಕ ಬಡಿಯತೊಡಗಿತು. ಬಾಯಲ್ಲಿ ಬೈಗುಳ ಸಾಲುಗಟ್ಟಿ ನಿಂತವು. ಮಗುವನ್ನು ಚಾಪೆಯ ಮೇಲಿಟ್ಟು, ಎದ್ದು, ಆ ಬಿಳಿ ಪ್ಯಾಂಟನ್ನು ಸಾರಿನ ಪಾತ್ರೆಯಲ್ಲಿ ಅದ್ದಿ ತೆಗೆಯುವುದೊಂದೇ ಬಾಕಿ. ಒಂದು ಮೊಣಕಾಲು ಆಗಲೇ ಮೇಲೆದ್ದಿತ್ತು. ಧ್ರುವ ಜಾರಿ, ಮಾವನ ಅಂಗಿಯ ಗುಂಡಿ ಹಿಡಿದುಕೊಂಡ.

ಹಿಂದಿನಿಂದ ಒಂದು ಒಣಗಿದ ಕೈ ಬಂದು ಅವನ ಹೆಗಲನ್ನು ಒತ್ತಿತು. ನಲವತ್ತೆಂಟು ಕೆಜಿ ಪೂರ್ತಿ ಆ ಕೈಯಲ್ಲಿತ್ತು.

“ಕೂತ್ಕೊಳೋ,” ಎಂದ ಮುನಿಯಣ್ಣ, ಅವನೊಬ್ಬನಿಗೇ ಕೇಳುವ ಹಾಗೆ. “ನಾನು ಎದ್ದಿದ್ದೇ ಸಾಕು.”

ವೆಂಕಟಸ್ವಾಮಿ ಕೂತ. ಮೊಣಕಾಲು ಇಳಿಸಿದ. ಬೈಗುಳಗಳನ್ನು ಒಂದೊಂದಾಗಿ ನುಂಗಿದ; ಕೆಲವು ದೊಡ್ಡವಿದ್ದವು, ಸಮಯ ಹಿಡಿಯಿತು. ಕಿವಿ ಬಡಿಯುತ್ತಲೇ ಇತ್ತು. “ಆಚಾರ್ರೇ, ಎಡಗಿವಿ,” ಎಂದ. ಸೂಜಿ ಹೋಯಿತು, ಮಗು ಕಿರುಚಿತು, ಎರಡನೇ ರಿಂಗೂ ಕಿವಿಗೆ ಬಿತ್ತು. ಎರಡು ಕಿವಿ, ಎರಡು ರಿಂಗು. ಸುಮಾ ಕಣ್ಣೊರೆಸಿಕೊಂಡಳು. ವೆಂಕಟಸ್ವಾಮಿ ಮಗುವಿನ ಎರಡು ಕಿವಿಯನ್ನೂ ಎರಡೆರಡು ಸಲ ಎಣಿಸಿ, ಆಮೇಲೆ ಅವಳ ಕೈಗೆ ಕೊಟ್ಟ.

ಪಂಕ್ತಿ ಕೂತಾಗ ಅವನು ಕೊಟ್ಟ ಮಾತು ಮರೆಯಲಿಲ್ಲ. ಸೌಟು ತಾನೇ ಕಿತ್ತುಕೊಂಡು, ಪಾತ್ರೆಯ ತಳದವರೆಗೆ ಹುಡುಕಿ, ಹೆಬ್ಬೆರಳಿಗಿಂತ ದಪ್ಪದ ಒಂದು ನಲ್ಲಿ ಮೂಳೆ ತೆಗೆದು ಮಾವನ ಎಲೆಗೆ ಇಟ್ಟ. ಮುನಿಯಣ್ಣ ಮೂಳೆ ಎತ್ತಿಕೊಂಡ. ನೆಲಕ್ಕೆ ಎರಡು ಸಲ ಕುಟ್ಟಿದ. ಹಲ್ಲಿಲ್ಲದ ಬಾಯಿಂದ ಸೊರ್ರೆಂದು ಹೀರಿದ. ಏನಾದರೂ ಉಳಿದಿದೆಯೇ ಎಂದು ಒಂದು ಕಣ್ಣು ಮುಚ್ಚಿ, ಮೂಳೆಯ ತೂತಿನಿಂದ ಸೋದರಳಿಯನನ್ನು ನೋಡಿದ. ಉಳಿದಿರಲಿಲ್ಲ. ಕೈ ನೆಕ್ಕಿಕೊಂಡ.

ವೆಂಕಟಸ್ವಾಮಿ ಅಂಗೈ ಚಾಚಿದ.

“ಏನು?” ಎಂದ ಮುನಿಯಣ್ಣ.

“ರಿಂಗು. ಮೂಳೆ ಬಂತಲ್ಲ.”

“ಇದು ನಿನ್ನ ಸೋದರಳಿಯನ ಶಾಸ್ತ್ರದ ಮೂಳೆ ಕಣೋ,” ಎಂದ ಮುದುಕ, ಸೊಂಟದ ಡಬ್ಬಿಯನ್ನು ಇನ್ನೂ ಒಂದು ಸುತ್ತು ಒಳಗೆ ಸಿಕ್ಕಿಸಿಕೊಳ್ಳುತ್ತಾ. “ನಿನ್ನ ಶಾಸ್ತ್ರದ್ದು ಎಲ್ಲಿ?”

ವೆಂಕಟಸ್ವಾಮಿಯ ಎಡಗಿವಿ ಮತ್ತೆ ಬಡಿಯತೊಡಗಿತು. ಮುನಿಯಣ್ಣ ಪಕ್ಕದ ಎಲೆ ದಾಟಿ ಕೂಗಿದ: “ಯಾರಪ್ಪಾ ಅಲ್ಲಿ, ಇನ್ನೊಂದು ಮುದ್ದೆ ಹಾಕ್ರೋ!”

ಆ ರಿಂಗು ಈಗಲೂ ಉಲ್ಲಾಳದಲ್ಲಿ ನಶ್ಯದ ಡಬ್ಬಿಯೊಳಗೇ ಇದೆ. ಮೂಳೆ ಬಾಕಿ ಇದೆ.